ಅಪ್ಪ ಅರ ಹಾಕಿದ ಕಚ್ಚು

ಕಂಪ್ಯೂಟರಿನ ಬಿಡಿಭಾಗಗಳ ಆ ಪಟ್ಟಿಯ ಕಾರ್ಬನ್ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಕಳೆದುಹೋಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಎಲ್ಲವನ್ನೂ ಸರಿಯಾಗಿ ಬರೆದುಕೊಂಡಿದ್ದೆ, ಅಪ್ಪ ಬಂದು ಕೆಡಿಸಿದ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ನಕ್ಕಿದ್ದಾರೆ. ಆದರೆ ಆ ಪ್ರತಿಯ ಐದನೇ ಸಾಲಿನಲ್ಲಿ ‘ರ‍್ಯಾಮ್, 32 ಎಂ.ಬಿ., 168 ಕಾಲು’ ಎಂದಷ್ಟೇ ಇದೆ. ಕಚ್ಚಿನ ಬಗ್ಗೆ ಒಂದಕ್ಷರವೂ ಇಲ್ಲ. ಅದನ್ನು ಟೈಪ್ ಮಾಡಿದವಳು ನಾನೇ.

ತೊಂಬತ್ತರ ದಶಕದ ಕೊನೆ. ಬಂಗಾರಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಕ್ಯಾಸಂಬಳ್ಳಿ ಕಡೆಯ ನಮ್ಮ ಊರಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಹತ್ತು ಮಿಷನ್ನುಗಳಲ್ಲಿ ನಾಲ್ಕಕ್ಕೆ ಆಗಲೇ ಕಲಿಯುವವರಿಲ್ಲದೆ ರೆಕ್ಸಿನ್ ಮುಸುಕು. ಅದೇ ಬೀದಿಯಲ್ಲಿ ಒಂದು ಪ್ರೆಸ್ಸು ಇತ್ತು. ಅದರ ಯಜಮಾನರು ಕನ್ನಡ, ತೆಲುಗು, ತಮಿಳು ಮೂರರ ಅಚ್ಚುಮೊಳೆಗಳನ್ನೂ ಜೋಡಿಸಿ ಲಗ್ನಪತ್ರಿಕೆ ಹೊಡೆಯುತ್ತಿದ್ದವರು. ಈಗ ಗಿರಾಕಿಗಳು ಬಂದು ಮೊಳೆಯ ಅಕ್ಷರ ನೋಡಿ, ‘ಕಂಪ್ಯೂಟರಿಂದು ಇಲ್ವಾ’ ಎಂದು ಕೇಳಿ ಎದ್ದುಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು, ಕಿಟಕಿ ಪಕ್ಕದ ಖಾಲಿ ಟೇಬಲ್ಲನ್ನು ತೋರಿಸಿದರು.

“ನೋಡಮ್ಮಾಯಿ, ನಂಗೆ ಕಂಪ್ಯೂಟರ್ ತಗಳೋ ಶಕ್ತಿ ಇಲ್ಲ, ಕಲಿಯೋ ವಯಸ್ಸೂ ಇಲ್ಲ. ನೀನು ತಂದಿಕ್ಕು. ಜಾಗ ನಂದು, ಕರೆಂಟ್ ನಂದು, ಗಿರಾಕಿ ನಂದು. ಕೆಲಸ ನಿಂದು.”

“ಯಾವಾಗಿಂದ?”

“ಕೋಲಾರದವನೊಬ್ಬ ಅವನ ಮಿಷನ್ ತಂದು ಇಲ್ಲೇ ಇಕ್ತೀನಿ ಅಂತ ಸುತ್ತಿಕೊಂಡವ್ನೆ. ಈ ಸೋಮವಾರ ಬುಟ್ಟು ಅದರಾಚೆ ಸೋಮವಾರ ಬತ್ತಾನೆ. ಅವನು ಬರೋ ಹೊತ್ತಿಗೆ ಟೇಬಲ್ ಖಾಲಿ ಇದ್ರೆ ನಾನೇನೂ ಮಾಡಕ್ಕಾಗಲ್ಲ.”

ಅಂದರೆ ನನಗಿದ್ದದ್ದು ಹನ್ನೆರಡು ದಿನ. ಮುಸುಕು ಹಾಕಿದ ಮಿಷನ್ನುಗಳ ಸಂಖ್ಯೆ ಏರುವುದನ್ನು ದಿನವೂ ನೋಡುತ್ತಿದ್ದವಳಿಗೆ ಆ ಟೇಬಲ್ಲು ಎಂದರೇನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಕಂಪನಿಯ ಹೊಸ ಕಂಪ್ಯೂಟರ್ ನನ್ನ ಕೈಗೆ ಎಟುಕುವಂಥದ್ದಲ್ಲ. ಬಿಡಿಭಾಗ ತಂದು ಜೋಡಿಸಿದರೆ ಅರ್ಧ ಬೆಲೆಗೇ ಆಗುತ್ತದೆ ಎಂದು ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ ಓದಿದ್ದೆ. ಯಾವ ಭಾಗಕ್ಕೆ ಯಾವುದು ಹೊಂದುತ್ತದೆ ಎಂಬ ಒಂದು ಪುಟ ಅದರಲ್ಲಿತ್ತು. ಅದನ್ನೇ ನೋಡಿಕೊಂಡು ಪಟ್ಟಿ ಮಾಡಿದೆ.

ಈಗ ಆ ಪಟ್ಟಿಯನ್ನು ನೋಡಿದರೆ ಅದರ ಕ್ರಮವೇ ತಪ್ಪು. ಮೊದಲನೇ ಸಾಲಿನಲ್ಲಿ ಪ್ರೊಸೆಸರ್ ಇರಬೇಕು, ಇಲ್ಲವೇ ಮದರ್‌ಬೋರ್ಡ್. ನನ್ನದರಲ್ಲಿ ಮೊದಲು ಬರುವುದು ಕೀಲಿಮಣೆ. ಟೈಪಿಸ್ಟಿಗೆ ಬೆರಳೇ ಮೊದಲು. ಬೆಂಗಳೂರಿನ ಎಸ್.ಪಿ. ರೋಡಿಗೆ ಮೊದಲ ಸಲ ಹೋದ ದಿನ ನಾಲ್ಕು ಅಂಗಡಿಗಳ ಕೀಲಿಮಣೆಗಳ ಮೇಲೆ ಬೆರಳಾಡಿಸಿ, ಯಾವುದೋ ಆಫೀಸಿನಿಂದ ಬಂದ ಒಂದು ಹಳೆಯದನ್ನು ಹಿಡಿದೆ. ಒತ್ತಿದರೆ ಟಕ್ಕೆಂದು ಎದ್ದು ಬರುವ ಕೀಲಿಗಳು. ಅದರ ಬಾಲದಲ್ಲಿ ಹೆಬ್ಬೆರಳು ಗಾತ್ರದ ಗುಂಡು ಪ್ಲಗ್ಗು. ಹೊಸ ಬೋರ್ಡುಗಳಿಗೆ ಸಣ್ಣ ಪ್ಲಗ್ಗು. ಹಾಗಾಗಿ ಹಳೆಯ ಮಾದರಿಯ ಬೋರ್ಡನ್ನೇ ಹುಡುಕಬೇಕಾಯಿತು. ಹಳೆಯ ಮಾದರಿಯ ಬೋರ್ಡು ಕೂರುವುದು ಹಳೆಯ ಮಾದರಿಯ ಕ್ಯಾಬಿನೆಟ್ಟಿನಲ್ಲಿ ಮಾತ್ರ. ಸ್ಕ್ರೂ ತೂತುಗಳ ಅಳತೆಯೇ ಬೇರೆ, ಕರೆಂಟು ಕೊಡುವ ಪೆಟ್ಟಿಗೆಯೇ ಬೇರೆ. ಆ ಬೋರ್ಡು ಒಪ್ಪುವ ಪ್ರೊಸೆಸರ್‌ಗಳಲ್ಲಿ ಆಗ ಸಿಗುತ್ತಿದ್ದದ್ದು ಒಂದೋ ಎರಡೋ. ಬೆರಳಿಗೆ ಹಿತವಾದ ಒಂದು ಕೀಲಿಮಣೆ ಹೀಗೆ ಇಡೀ ಯಂತ್ರವನ್ನು ತನ್ನ ಹಿಂದೆ ಎಳೆದುಕೊಂಡು ಬಂತು. ಆ ಸಂಜೆ ನಾನು ಬಹಳ ಯೋಚಿಸಿ ಆರಿಸಿದ್ದೇನೆಂದು ನಂಬಿದ್ದೆ.

ಕೊನೆಗೆ ಉಳಿದದ್ದು ರ‍್ಯಾಮ್, ಅಂದರೆ ಯಂತ್ರ ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ಬೆರಳಗಲದ, ಗೇಣುದ್ದದ ಹಸಿರು ಪಟ್ಟಿ. ಅದರ ಅಂಚಿನಲ್ಲಿ ಸಾಲಾಗಿ ಹಿತ್ತಾಳೆ ಬಣ್ಣದ ಕಾಲುಗಳು, ನಡುವೆ ಎರಡು ಕಡೆ ಕೊರೆದ ಕಚ್ಚು. ಹೊಸದರ ಬೆಲೆ ಕೇಳಿ ಕೈಯಲ್ಲಿದ್ದ ದುಡ್ಡು ಎಣಿಸುತ್ತಿದ್ದಾಗ, ಅಂಗಡಿಯವನು ಒಂದು ಟ್ರೇ ಮುಂದಿಟ್ಟ. ಹಳೆಯ ಯಂತ್ರಗಳಿಂದ ಕಿತ್ತವು. ಅಲ್ಲೇ ನಿಂತು ಒಂದರ ಕಾಲುಗಳನ್ನು ಎಣಿಸಿದೆ. ತಲೆಬರಹವನ್ನು ಸಾಲಿನ ಮಧ್ಯಕ್ಕೆ ತರಲು ಅಕ್ಷರ ಎಣಿಸಿ ಎಣಿಸಿ ರೂಢಿಯಾದವಳು. ಒಂದು ಬದಿಗೆ ಎಂಬತ್ತನಾಲ್ಕು, ಇನ್ನೊಂದು ಬದಿಗೆ ಎಂಬತ್ತನಾಲ್ಕು.

“ಮೇಡಂ, ಕಾಲು ಎಣಿಸಿ ತಗೊಳ್ಳೋರ್ನ ಫಸ್ಟ್ ಟೈಮ್ ನೋಡ್ತಿರೋದು,” ಎಂದ ಅಂಗಡಿಯವನು. “ಕೂರ್ಲಿಲ್ಲ ಅಂದ್ರೆ ಒಂದು ವಾರದೊಳಗೆ ತನ್ನಿ, ಬೇರೆ ಕೊಡ್ತೀನಿ. ಒಡೆದಿರಬಾರದು, ಸುಟ್ಟಿರಬಾರದು, ಅಷ್ಟೇ.”

ಹಳೆಯದೊಂದು ಸೀಡಿ ಡ್ರೈವ್ ಮುಂದಿನ ವಾರ ಬರುತ್ತದೆ ಎಂದ. ಅದಕ್ಕೂ ಮುಂಗಡವಾಗಿ ದುಡ್ಡು ಕೊಟ್ಟು ಬಂದೆ. ಲಗ್ನಪತ್ರಿಕೆಯ ಗಣಪತಿ, ತೋರಣ, ಮಂಗಳವಾದ್ಯಗಳ ಚಿತ್ರಗಳೆಲ್ಲ ಸೀಡಿಯಲ್ಲೇ ಬರುತ್ತಿದ್ದುದರಿಂದ ಅದು ಬೇಕೇ ಬೇಕಿತ್ತು.

ಅಪ್ಪನ ವಿಷಯ ಹೇಳಬೇಕು. ಅಪ್ಪ ನಂದಿದುರ್ಗ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಊರಲ್ಲಿ ರಾಗಿ, ಎರಡು ಹಸು. ಹಗಲು ಗಣಿಯಲ್ಲಿ ಕಬ್ಬಿಣ. ಹದಿನೆಂಟನೇ ವಯಸ್ಸಿಗೆ ಸೇರಿದಾಗ ಅವನಿಗೆ ಒಂದು ಅರ ಮತ್ತು ಎರಡು ಕಬ್ಬಿಣದ ತುಂಡು ಕೊಟ್ಟಿದ್ದರಂತೆ. ಒಂದರಲ್ಲಿ ಚೌಕ ತೂತು, ಇನ್ನೊಂದು ಆ ತೂತಿಗೆ ಕೂರಬೇಕಾದ ಚೌಕ. ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಬೇಕು. ಮೇಸ್ತ್ರಿ ಅದನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದ. ಸಂದಿನಲ್ಲಿ ಬೆಳಕು ನುಸುಳಿದರೆ ಮತ್ತೆ ಮೊದಲಿನಿಂದ. ಎಷ್ಟು ವಾರ ಅದನ್ನೇ ಮಾಡಿದ ಎಂಬುದು ಅಪ್ಪ ಹೇಳಿದಾಗಲೆಲ್ಲ ಬದಲಾಗುತ್ತಿತ್ತು, ಆದರೆ ಆ ತುಂಡುಗಳು ಮನೆಯ ಮರದ ಪೆಟ್ಟಿಗೆಯಲ್ಲಿ ಇದ್ದದ್ದು ನಿಜ. ಚಿಕ್ಕವಳಿದ್ದಾಗ ನಾನೂ ಅವನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಏನೂ ಕಾಣುತ್ತಿರಲಿಲ್ಲ.

ಭಾನುವಾರ ಜಗುಲಿಯ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಪೇಪರ್ ಹಾಸಿ, ಎಲ್ಲ ಭಾಗಗಳನ್ನೂ ಹರಡಿದೆ. ಅಪ್ಪ ಪಕ್ಕದಲ್ಲಿ ಕೂತು ನನ್ನ ಪಟ್ಟಿಯನ್ನು ಕೈಗೆತ್ತಿಕೊಂಡ.

“ಏನಮ್ಮಾ ಇದು. ಇದು ಅದಕ್ಕೆ ಕೂತ್ಕಳಲ್ಲ, ಅದು ಇದಕ್ಕೆ ಕೂತ್ಕಳಲ್ಲ ಅಂತ ಇಷ್ಟುದ್ದ ಬರ್ಕೊಂಡಿದ್ದೀಯ.”

“ಒಂದಕ್ಕೊಂದು ಹೊಂದಬೇಕಲ್ಲಪ್ಪಾ. ನೋಡ್ಕೊಂಡೇ ತರಬೇಕು.”

“ಕೂತ್ಕಳಲ್ಲ ಅಂದ್ರೆ ಕೂತ್ಕಳಂಗೆ ಮಾಡ್ಬೇಕು. ಇಲ್ದಿದ್ರೆ ಫಿಟ್ಟರ್ ಅಂತ ಯಾಕೆ ಇಕ್ಕವ್ರೆ.”

ಮೈಯಲ್ಲಿರುವ ಕರೆಂಟು ಈ ಭಾಗಗಳನ್ನು ಸುಡುತ್ತದೆ ಎಂದು ಪತ್ರಿಕೆಯಲ್ಲಿತ್ತು. ಅದಕ್ಕೆ ನಾನು ಪ್ರತಿಯೊಂದನ್ನು ಮುಟ್ಟುವ ಮೊದಲು ಕಿಟಕಿಯ ಕಂಬಿಯನ್ನು ಮುಟ್ಟುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, “ಊದಿನಕಡ್ಡಿನೂ ಅಚ್ಚಬೇಕಾ?” ಎಂದ. ಆದರೆ ಆಮೇಲಿಂದ ಅವನೂ ಕಂಬಿ ಮುಟ್ಟಿಯೇ ಕೈ ಹಾಕಿದ.

ಬೋರ್ಡು ಕ್ಯಾಬಿನೆಟ್ಟಿಗೆ ಕೂತಿತು. ಪ್ರೊಸೆಸರ್ ತನ್ನ ಚೌಕದಲ್ಲಿ ತಾನೇ ಇಳಿಯಿತು. ಅದನ್ನು ನೋಡಿ ಅಪ್ಪ ಮೊದಲ ಸಲ ಗೌರವದಿಂದ ತಲೆಯಾಡಿಸಿದ. ಹಾರ್ಡ್ ಡಿಸ್ಕು, ಫ್ಲಾಪಿ, ಎಲ್ಲವೂ ಆಯಿತು. ರ‍್ಯಾಮ್ ಕೂರಲಿಲ್ಲ. ಉದ್ದ ಸರಿಯಿತ್ತು, ಕಾಲು ಸರಿಯಿತ್ತು. ಆದರೆ ಪಟ್ಟಿಯ ನಡುವಿನ ಕಚ್ಚು ಒಂದು ಕಡೆ, ಅದರೊಳಗೆ ಇಳಿಯಬೇಕಾದ, ಬೋರ್ಡಿನ ಸೀಳಿನಲ್ಲಿರುವ ಸಣ್ಣ ಗೂಟ ರಾಗಿಕಾಳಿನಷ್ಟು ಆಚೆ. ತಿರುಗಿಸಿ ನೋಡಿದೆ. ಆಗಲೂ ಇಲ್ಲ.

“ಮಂಗಳವಾರ ಹೋಗಿ ಬದಲಾಯಿಸ್ಕೊಂಡು ಬರ್ತೀನಿ,” ಎಂದೆ. ಸೋಮವಾರ ಇನ್‌ಸ್ಟಿಟ್ಯೂಟಿನಲ್ಲಿ ಪರೀಕ್ಷೆಯಿತ್ತು. ಕೋಲಾರದವನು ಬರುವುದು ಅದರಾಚೆಯ ಸೋಮವಾರ. ಸಮಯವಿತ್ತು.

ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಕ್ಯಾನು ತೆಗೆದುಕೊಂಡು ಹೋದೆ. ಅಲ್ಲಿ ಸಾಲು ಇತ್ತು, ಮುಕ್ಕಾಲು ಗಂಟೆ ಆಗಿರಬಹುದು. ತಿರುಗಿ ಬಂದಾಗ ಅಪ್ಪ ಜಗುಲಿಯ ಅಂಚಿಗೆ ಬಂದು ಕೂತು, ಆ ಹಸಿರು ಪಟ್ಟಿಯನ್ನು ಇಳಿಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊಣಕಾಲಿನ ಮೇಲೆ ಬಟ್ಟೆ, ಅದರ ಮೇಲೆ ಸೂಜಿಯಂಥ ಸಣ್ಣ ಅರಗಳು.

“ಬಾ ಇಲ್ಲಿ. ಈಗ ನೋಡು ಎಂಗೆ ಕೂತ್ಕಳ್ತೈತೆ ಅಂತ.”

ಕೂತಿತು. ಎರಡೂ ಬದಿಯ ಬಿಳಿ ಕೊಂಡಿಗಳು ಕಟಕ್ ಎಂದು ಮುಚ್ಚಿಕೊಂಡವು. ಕಚ್ಚಿನ ಅಂಚನ್ನು ನೋಡಿದೆ. ಅರ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಮೂಲೆಯ ದುಂಡಗನ್ನು ಕೂಡ ಪಕ್ಕದ ಕಚ್ಚಿನಂತೆಯೇ ತಂದಿದ್ದ. ಒಂದು ಕಾಲಿಗೂ ಗೀರು ಬಿದ್ದಿರಲಿಲ್ಲ.

ಆ ಕ್ಷಣ ಸಿಟ್ಟು ಬಂತು ಎಂದು ಹೇಳುತ್ತಾ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಕಟಕ್ ಎಂದಾಗ ಖುಷಿಯಾಗಿತ್ತು. ಬೆಂಗಳೂರಿಗೆ ಹೋಗುವುದು ತಪ್ಪಿತು ಎಂದುಕೊಂಡು ನಾನೇ ಸ್ವಿಚ್ ಹಾಕಿದೆ.

ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಒಳಗಿನಿಂದ ಉದ್ದನೆಯ ಒಂದು ಕೂಗು, ಸ್ವಲ್ಪ ಬಿಡುವು, ಮತ್ತೆ ಅಷ್ಟೇ ಉದ್ದದ ಕೂಗು.

“ಕೂಗ್ತೈತಲ್ಲ. ಜೀವ ಐತೆ,” ಎಂದ ಅಪ್ಪ.

“ರ‍್ಯಾಮ್ ಇಲ್ಲ ಅಂತ ಕೂಗ್ತಿರೋದು ಅದು.”

“ಇಲ್ಲೇ ಐತಲ್ಲ.”

ಬೋರ್ಡಿನ ಜೊತೆ ಬಂದಿದ್ದ ತೆಳು ಪುಸ್ತಕವನ್ನು ಆಗ ಬಿಡಿಸಿದೆ. ಆಗ, ಮೊದಲಲ್ಲ. ಅದರಲ್ಲಿ ಚಿತ್ರ ಸಮೇತ ಇತ್ತು. ಕಚ್ಚು ಇರುವ ಜಾಗ ಆ ಪಟ್ಟಿಗೆ ಎಷ್ಟು ವೋಲ್ಟ್ ಬೇಕು ಎಂಬುದರ ಗುರುತು. ಬೇರೆ ವೋಲ್ಟಿನದು ಅಪ್ಪಿತಪ್ಪಿಯೂ ಒಳಗೆ ಹೋಗದಿರಲಿ ಎಂದೇ ಕಚ್ಚನ್ನು ಸರಿಸಿದ್ದಾರೆ. ನನ್ನ ಬೋರ್ಡಿಗೆ ಬೇಕಾದದ್ದು ಒಂದು, ನಾನು ಕಾಲೆಣಿಸಿ ತಂದದ್ದು ಇನ್ನೊಂದು.

“ಆ ಕಚ್ಚು ಇರೋದೇ ಕೂರಬಾರದು ಅಂತ ಅಪ್ಪಾ. ಬೇಡ ಅನ್ನೋದಕ್ಕೆ ಇಟ್ಟಿರೋದು ಅದು.”

ಅಪ್ಪ ಪುಸ್ತಕದ ಚಿತ್ರವನ್ನೇ ನೋಡುತ್ತಾ ಕೂತ. “ಬ್ಯಾಡ ಅನ್ನಾಕೆ ಯಾರಾನ ಕಚ್ಚು ಆಕ್ತಾರಾ?” ಎಂದ. ಕೇಳಿದ್ದು ನನ್ನನ್ನಲ್ಲ. ಮೂವತ್ತು ವರ್ಷ ಅವನು ಹಾಕಿದ ಕಚ್ಚುಗಳೆಲ್ಲ ಏನನ್ನೋ ಕೂರಿಸುವುದಕ್ಕೇ ಇದ್ದವು.

ಬೋರ್ಡಿಗೆ ಏನೂ ಆಗಿರಲಿಲ್ಲ. ಪಟ್ಟಿ ತೆಗೆದರೂ ಅದೇ ಕೂಗು. ಆದರೆ ಬದಲಾಯಿಸಿಕೊಳ್ಳುವ ದಾರಿ? ಒಡೆದಿರಬಾರದು, ಸುಟ್ಟಿರಬಾರದು ಎಂದಿದ್ದ ಅಂಗಡಿಯವನು. ಅರ ಹಾಕಿರಬಾರದು ಎಂದಿರಲಿಲ್ಲ, ಯಾಕೆಂದರೆ ಅಂಥದ್ದು ಅವನ ಮನಸ್ಸಿಗೇ ಬಂದಿರಲಿಕ್ಕಿಲ್ಲ. ಕಚ್ಚನ್ನು ಮತ್ತೆ ಮತ್ತೆ ನೋಡಿದೆ. ಸ್ವಲ್ಪ ಅಗಲ, ಅಷ್ಟೇ. ಅಪ್ಪನ ಕೆಲಸ ಅಷ್ಟು ಚೆನ್ನಾಗಿದ್ದುದರಿಂದ ಸುಮ್ಮನೆ ಕೊಟ್ಟರೆ ಸುಮ್ಮನೆ ತೆಗೆದುಕೊಳ್ಳುತ್ತಾನೆ ಎಂದು ನಿಶ್ಚಯಿಸಿದೆ. ಅದರಲ್ಲಿ ತಪ್ಪೇನಾದರೂ ಕಂಡಿತೇ ಎಂದರೆ, ಇಲ್ಲ. ಪ್ರೆಸ್ಸಿನ ಖಾಲಿ ಟೇಬಲ್ಲಷ್ಟೇ ಕಾಣುತ್ತಿತ್ತು.

ಮಂಗಳವಾರ ಅಪ್ಪ ರಜೆ ಹಾಕಿ ನಾನೂ ಬರುತ್ತೇನೆಂದ. ಮಾರಿಕುಪ್ಪಂ ಕಡೆಯಿಂದ ಬಂದ ರೈಲನ್ನು ಬಂಗಾರಪೇಟೆಯಲ್ಲಿ ಹತ್ತಿ, ಬಾಗಿಲ ಹತ್ತಿರವೇ ನಿಂತೆವು.

“ಅಂಗಡಿಲಿ ನೀನು ಏನೂ ಮಾತಾಡ್ಬೇಡ,” ಎಂದೆ.

“ನಾನ್ಯಾಕೆ ಮಾತಾಡ್ಲಿ.”

“ಕೂರ್ಲಿಲ್ಲ ಅಂತ ನಾನು ಹೇಳ್ತೀನಿ. ಅಷ್ಟೇ ಮಾತು.”

“ನೀನೇ ಏಳಮ್ಮ, ನಿನ್ ಸಾಮಾನು, ನಿನ್ ಮಾತು. ನಾನ್ ಬರ್ತಿರೋದು ಅಂಗಡಿ ನೋಡಾಕೆ.”

ನನ್ನ ನೆನಪಿನಲ್ಲಿ ಅಪ್ಪ ಆ ದಿನ ವರ್ಕ್‌ಶಾಪಿನ ನೀಲಿ ಅಂಗಿ ಹಾಕಿಕೊಂಡಿದ್ದಾನೆ. ರಜೆಯ ದಿನ ಯಾಕೆ ಹಾಕಿಕೊಳ್ಳುತ್ತಾನೆ? ಹೇಳುತ್ತಾ ಹೇಳುತ್ತಾ ನಾನೇ ಆಮೇಲೆ ಹಾಕಿಸಿದ ಅಂಗಿ ಇರಬೇಕು ಅದು.

ಅಂಗಡಿಯಲ್ಲಿ ಜನ ಇದ್ದರು. ನಮ್ಮ ಸರದಿ ಬಂದಾಗ ಹಸಿರು ಪಟ್ಟಿಯನ್ನು ಕೌಂಟರಿನ ಮೇಲಿಟ್ಟು, “ಇದು ನಮ್ಮ ಬೋರ್ಡಿಗೆ ಕೂರ್ತಿಲ್ಲ,” ಎಂದೆ. ಅಂಗಡಿಯವನು ಕೈಗೆತ್ತಿಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿದ. ಎಲ್ಲೂ ಕಪ್ಪಾಗಿಲ್ಲ, ಎಲ್ಲೂ ಮುರಿದಿಲ್ಲ. “ಕಾಲು ಎಣಿಸಿದ ಮೇಡಂ ಅಲ್ವಾ,” ಎಂದು ನಕ್ಕು, ಅದನ್ನು ಮೊದಲಿನ ಟ್ರೇಗೇ ಹಾಕಿ, ಹಿಂದಿನ ಕಪಾಟಿಗೆ ಕೈ ಚಾಚಿದ.

“ತಂಬಿ,” ಎಂದ ಅಪ್ಪ.

ನಾನು ಅವನ ತೋಳು ಹಿಡಿದೆ.

“ತಂಬಿ, ಅದನ್ನ ಬ್ಯಾರೆಯವರಿಗೆ ಕೊಟ್ಟೀಯ. ನಾನು ಅರ ಆಕಿದ್ದೀನಿ ಅದಕ್ಕೆ.”

“ಏನ್ ಹಾಕಿದ್ದೀರಿ?”

“ಅರ. ಆ ನಡೂಲಿರೋ ಕಚ್ಚು ನೋಡು.”

ಅಂಗಡಿಯವನು ಟ್ರೇಯಲ್ಲಿ ಹುಡುಕಿದ. ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲ. ಅಪ್ಪನೇ ಕೈ ಹಾಕಿ ಆರಿಸಿ ಕೊಟ್ಟ. ಅವನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಇನ್ನೊಂದನ್ನು ಪಕ್ಕದಲ್ಲಿಟ್ಟು, ಬಹಳ ಹೊತ್ತು ನೋಡಿದ.

“ಇದನ್ನ ಕೈಯಲ್ಲಿ ಮಾಡಿದ್ರಾ ಅಂಕಲ್?”

“ಮತ್ತೆ ಕಾಲಲ್ಲಿ ಮಾಡ್ತಾರಾ.”

ಕಾದು ನಿಂತಿದ್ದವರು ನಕ್ಕರು. ಪಕ್ಕದ ಅಂಗಡಿಯವನೂ ಬಂದು ನೋಡಿದ. ಅಪ್ಪ ಮೇಸ್ತ್ರಿಯ ಮುಂದೆ ನಿಂತವನಂತೆ ಕೈಕಟ್ಟಿ ನಿಂತಿದ್ದ. ಎಲ್ಲ ನೋಡಿ ಮುಗಿದ ಮೇಲೆ ಅಂಗಡಿಯವನು ಅದನ್ನು ನನ್ನ ಕಡೆ ಸರಿಸಿ, “ಮೇಡಂ, ಇದನ್ನ ನಾನು ವಾಪಸ್ ತಗೊಳ್ಳಕ್ಕಾಗಲ್ಲ. ನಿಮಗೂ ಗೊತ್ತು,” ಎಂದ.

ಗೊತ್ತಿತ್ತು. ಕೋಲಾರದವನು ಬರುವ ಸೋಮವಾರ ಮಾತ್ರ ಹಾಗೇ ಇತ್ತು. ರೈಲು ಚಾರ್ಜು ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ. ಆ ಅಂಗಡಿಯಲ್ಲಿ ನನ್ನದು ಎಂದು ಉಳಿದದ್ದು ಆಗಲೇ ಕೊಟ್ಟಿದ್ದ ಸೀಡಿ ಡ್ರೈವ್ ಒಂದೇ. ಅದು ಬೇಡ, ಅದರ ಬದಲು ಸರಿಯಾದ ಕಚ್ಚಿನ ರ‍್ಯಾಮ್ ಕೊಡಿ ಎಂದೆ. ಲೆಕ್ಕ ಹಾಕಿ ನೋಡಿದ. ಮೂವತ್ತೆರಡು ಬರುವುದಿಲ್ಲ, ಹದಿನಾರು ಬರುತ್ತದೆ ಎಂದ. ಅರ್ಧ. ಈ ಸಲ ನಾನು ಕಾಲು ಎಣಿಸಲಿಲ್ಲ, ಕಚ್ಚು ನೋಡಿದೆ.

ಹಿಂದಿರುಗುವ ರೈಲು ಮಾಲೂರು ದಾಟಿತು. ಆಮೇಲೆ ಕೇಳಿದೆ.

“ಯಾಕೆ ಹೇಳ್ದೆ?”

ಅಪ್ಪ ಹೊರಗೆ ನೋಡುತ್ತಿದ್ದ. “ಅವ್ನು ಬೆಳಕಿಗೇ ಇಡೀಲಿಲ್ಲ ಕಣಮ್ಮ,” ಎಂದ.

ಅಷ್ಟೇ ಅವನ ಉತ್ತರ. ಅದನ್ನು ನಾನು ಎರಡು ರೀತಿ ಹೇಳಿದ್ದೇನೆ. ನೋಡದೆ ಟ್ರೇಗೆ ಹಾಕಿದ ಸಾಮಾನು ನನ್ನಂಥ ಇನ್ನೊಬ್ಬರ ಮನೆಗೆ ಹೋಗಿ ಕೂಗುತ್ತಿತ್ತು, ಅದನ್ನು ಅಪ್ಪ ತಡೆದ ಎಂದು ಕೆಲವರಿಗೆ. ಅಷ್ಟು ಚೆಂದದ ಕೆಲಸವನ್ನು ಒಬ್ಬನೂ ಗಮನಿಸದೆ ಹೋಗುವುದನ್ನು ಅವನು ತಾಳಲಿಲ್ಲ ಎಂದು ಇನ್ನು ಕೆಲವರಿಗೆ. ಕೇಳುವವರ ಮುಖ ನೋಡಿ ಆರಿಸಿಕೊಳ್ಳುತ್ತೇನೆ. ಯಾವುದು ಎಂದು ನನಗೆ ಗೊತ್ತಿಲ್ಲ.

ಆ ಸೋಮವಾರ ಯಂತ್ರ ಪ್ರೆಸ್ಸಿನ ಟೇಬಲ್ಲಿನ ಮೇಲಿತ್ತು. ಸ್ವಿಚ್ ಹಾಕಿದಾಗ ಚಿಕ್ಕದಾಗಿ ಒಂದೇ ಸಲ ಕೂಗಿತು. ಅದು ಎಲ್ಲ ಸರಿಯಿದೆ ಎನ್ನುವ ಕೂಗು. ಕಪ್ಪು ಪರದೆಯ ಮೇಲೆ ರ‍್ಯಾಮ್ ಲೆಕ್ಕದ ಸಂಖ್ಯೆ ಏರುತ್ತಾ ಹೋಗಿ ಅರ್ಧಕ್ಕೆ ನಿಂತಿತು. ಕೋಲಾರದವನು ಹನ್ನೊಂದು ಗಂಟೆಗೆ ಬಂದ, ನೋಡಿದ, ಯಜಮಾನರು ತರಿಸಿದ ಕಾಫಿ ಕುಡಿದು ಹೋದ.

ಸೀಡಿ ಇಲ್ಲದ್ದರಿಂದ ಚಿತ್ರಗಳಿರಲಿಲ್ಲ. ಅಕ್ಷರಗಳ ಫಾಂಟುಗಳನ್ನು ಫ್ಲಾಪಿಗಳಲ್ಲಿ ತುಂಬಿಸಿ ತಂದೆ. ಗಣಪತಿಯನ್ನು ಯಜಮಾನರು ತಮ್ಮ ಹಳೆಯ ಸೀಸದ ಅಚ್ಚಿನಿಂದಲೇ ಮೇಲೆ ಒತ್ತುತ್ತಿದ್ದರು, ಕೆಳಗಿನ ಮಾತೆಲ್ಲ ನನ್ನದು. ಪುಟ ತೆರೆಯಲು ಹೇಳಿದರೆ ಪರದೆಯ ಮೇಲೆ ಸಣ್ಣ ಮರಳುಗಡಿಯಾರ ಬಂದು ಕೂರುತ್ತಿತ್ತು. ಜಾಗ ಸಾಲದೆ ಯಂತ್ರ ಸಾಮಾನನ್ನೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸುವುದು, ಮತ್ತೆ ಹೊತ್ತು ತರುವುದು. ಕೆಂಪು ದೀಪ ಮಿಣುಕುತ್ತಲೇ ಇರುತ್ತಿತ್ತು. ಗಿರಾಕಿಗಳು ಬೀಡಿ ಸೇದಿ ಬರುತ್ತಿದ್ದರು. ಎರಡು ವರ್ಷ, ಪ್ರತಿ ಪುಟಕ್ಕೂ, ಆ ದೀಪ ನೋಡುತ್ತಾ ಅಪ್ಪನನ್ನು ಬಯ್ದುಕೊಂಡಿದ್ದೇನೆ.

ಒಂದು ದಿನ ಅಪ್ಪ ಪ್ರೆಸ್ಸಿಗೆ ಬಂದ. ಮೊದಲ ತಿಂಗಳೋ, ಎಷ್ಟೋ ಆದ ಮೇಲೋ, ಹೇಳಲಾರೆ. ಸ್ಟೂಲಿನ ಮೇಲೆ ಕೂತು ಮರಳುಗಡಿಯಾರ ನೋಡಿದ.

“ಏನ್ ಮಾಡ್ತೈತೆ ಅದು?”

“ಕಾಯ್ತಾ ಇದೆ. ಅವತ್ತು ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟು ಹೊತ್ತು ಕಾಯ್ತಿರ್ಲಿಲ್ಲ.”

ಅಪ್ಪ ಬಗ್ಗಿ ಕ್ಯಾಬಿನೆಟ್ಟಿನ ಪಕ್ಕಕ್ಕೆ ಕಿವಿಯಿಟ್ಟ. “ಈ ಮುಚ್ಚಳ ಅದುರ್ತಾ ಐತಲ್ಲಮ್ಮ. ಅಂಚು ಸರ್ಯಾಗಿ ಕೂತಿಲ್ಲ.”

“ಅದು ಹಾಗೇ ಇರ್ಲಿ.”

“ಎರಡು ಉಜ್ಜು ಉಜ್ಜಿದ್ರೆ ಆಯ್ತದೆ.” ಜೇಬಿನಿಂದ ಬಟ್ಟೆಯ ಸುರುಳಿ ತೆಗೆದ. ಸಣ್ಣ ಅರಗಳನ್ನು ತಂದೇ ಇದ್ದ.

ಬೇಡ ಎಂದೆ. ಪುಟ ತೆರೆಯುವವರೆಗೆ ಕಾದೆ. ತೆರೆಯಿತು. ಅದನ್ನು ಉಳಿಸಿ, ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತೆ. ಕಿಟಕಿಯ ಕಂಬಿ ಮುಟ್ಟಿ, ಮುಚ್ಚಳ ಬಿಚ್ಚಿ ಅವನ ಕೈಗೆ ಕೊಟ್ಟೆ.